ಆಟದಂಗಡಿಯ ಮೇಜು

ಆಟವನ್ನು ದುಡ್ಡು ಕೊಟ್ಟು ಅಂಗಡಿಯಿಂದ ತರಬೇಕು ಎಂದಿದ್ದರೆ ನಮ್ಮ ಅಜ್ಜಿಯಂದಿರು ನಕ್ಕುಬಿಡುತ್ತಿದ್ದರು. ಚೌಕಾಬಾರಕ್ಕೆ ಬೇಕಾದದ್ದಾದರೂ ಏನು? ಜಗಲಿಯ ಮೇಲೆ ಸೀಮೆಸುಣ್ಣದಿಂದ ಎಳೆದ ಇಪ್ಪತ್ತೈದು ಮನೆ, ನಾಲ್ಕು ಕವಡೆ, ಕಾಯಿಗಳಿಗೆ ಬಳೆಚೂರೋ ಹುಣಿಸೆಬೀಜವೋ ಏನಾದರೊಂದು. ಅಳಿಗುಳಿಮನೆಯ ಹಲಗೆ ಮನೆಯಲ್ಲಿದ್ದರೆ ಅದು ಅತ್ತೆಯಿಂದ ಸೊಸೆಗೆ ಬಂದ ಆಸ್ತಿ. ಇಲ್ಲದಿದ್ದರೆ ಅಂಗಳದ ಮಣ್ಣಿನಲ್ಲಿ ಗುಳಿ ತೋಡಿಕೊಂಡರಾಯಿತು. ಆಟದ ನಿಯಮಗಳಂತೂ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಪಕ್ಕದಲ್ಲಿ ಕುಳಿತ ದೊಡ್ಡಮ್ಮನೇ ನಿಯಮಪುಸ್ತಕ, ಜಗಳ ಬಂದರೆ ಅವಳೇ ನ್ಯಾಯಾಧೀಶೆ.

ಅದೇ ಆಟ ಕಡಲು ದಾಟಿದಾಗ ಸರಕಾಯಿತು. ನಮ್ಮ ಪಗಡೆ, ಪಚ್ಚೀಸಿಗಳ ಕುಲದ ಆಟವೊಂದನ್ನು 'ಪಾರ್ಚೀಸಿ' ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ 1874ರಲ್ಲಿ ವ್ಯಾಪಾರಮುದ್ರೆಯಾಗಿ ನೋಂದಾಯಿಸಲಾಯಿತು. ನ್ಯೂಯಾರ್ಕಿನ ಸೆಲ್ಚೊ ಅಂಡ್ ರೈಟರ್ ಎಂಬ ಸಂಸ್ಥೆ ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ನೂರಕ್ಕೂ ಹೆಚ್ಚು ವರ್ಷ ಮಾರಿತು. ಇಂಗ್ಲೆಂಡಿನಲ್ಲಿ 1896ರಲ್ಲಿ ಅದರ ಸರಳರೂಪಕ್ಕೆ ಪೇಟೆಂಟ್ ಪಡೆದು 'ಲೂಡೊ' ಎಂದು ಹೆಸರಿಟ್ಟರು. ಆ ಲೂಡೊ ಮರಳಿ ನಮ್ಮ ಊರುಗಳ ಸ್ಟೇಷನರಿ ಅಂಗಡಿಗಳಿಗೆ ಬಂದು, ಹಿಂಬದಿಯಲ್ಲಿ ಹಾವು ಏಣಿಯನ್ನು ಹೊತ್ತುಕೊಂಡು, ಪ್ಲಾಸ್ಟಿಕ್ ದಾಳದೊಂದಿಗೆ ನಮಗೇ ಮಾರಾಟವಾಯಿತು. ಮಗಳನ್ನು ಕೊಟ್ಟ ಮನೆಯಿಂದ ಮೊಮ್ಮಗಳು ಬೇರೆಯದೇ ಲಂಗ ತೊಟ್ಟು ಬಂದ ಹಾಗೆ.

ಆಟ ಸರಕಾದ ಮೇಲೆ ಅದನ್ನು ಮಾರುವವನು ಬೇಕು. ಮಾರುವವನಿದ್ದ ಮೇಲೆ ಚಿಕ್ಕವನು, ದೊಡ್ಡವನು ಎಂಬ ಭೇದವೂ ಬರುತ್ತದೆ. ದೊಡ್ಡ ಮಳಿಗೆ ಬಂದರೆ ಚಿಕ್ಕ ಅಂಗಡಿ ಮುಚ್ಚಲೇಬೇಕು ಎಂಬುದನ್ನು ನಾವೆಲ್ಲ ಸೂರ್ಯಚಂದ್ರರ ಉದಯಾಸ್ತದಷ್ಟು ಸಹಜವೆಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಈ ನಂಬಿಕೆಗೆ ಅಪವಾದವೊಂದು ಸಿಕ್ಕಿದ್ದು ಎಲ್ಲವನ್ನೂ ದೊಡ್ಡದಾಗಿಯೇ ಮಾಡುವ ಅಮೆರಿಕದಲ್ಲಿ ಎಂಬುದು ನನಗೆ ಸೋಜಿಗ. ಅಲ್ಲಿನ ಆಟದಂಗಡಿಗಳ ನೂರು ವರ್ಷದ ಕತೆಯಲ್ಲಿ ನಮ್ಮ ಪೇಟೆಬೀದಿಗೂ ಬೇಕಾದ ಮಾತುಗಳಿವೆ.

ಮೊದಲಿಗೆ ದೊಡ್ಡ ಮಳಿಗೆಗಳು ಆಟಗಳ ಶತ್ರುವಾಗಿರಲಿಲ್ಲ; ಭಾಗ್ಯದೇವತೆಯಂತಿದ್ದವು. ಎಲಿಜಬೆತ್ ಮೇಗಿ ಎಂಬ ಮಹಿಳೆ ಜಮೀನ್ದಾರಿಕೆಯ ಅನ್ಯಾಯವನ್ನು ಜನರಿಗೆ ತೋರಿಸಲೆಂದು 'ಲ್ಯಾಂಡ್‌ಲಾರ್ಡ್ಸ್ ಗೇಮ್' ಎಂಬ ಆಟವನ್ನು ರಚಿಸಿ 1904ರಲ್ಲಿ ಪೇಟೆಂಟ್ ಪಡೆದಳು. ಅದು ಅಂಗಡಿಗಿಂತ ಹೆಚ್ಚಾಗಿ ಕೈಬರಹದ ಪ್ರತಿಗಳಲ್ಲಿ ಮನೆಯಿಂದ ಮನೆಗೆ ಹರಡಿತು. ಮೂವತ್ತು ವರ್ಷಗಳ ನಂತರ ಚಾರ್ಲ್ಸ್ ಡ್ಯಾರೋ ಎಂಬಾತ ಹಾಗೆ ಹರಡಿದ ಆಟವನ್ನೇ 'ಮೊನಾಪಲಿ' ಎಂದು ತಾನೇ ತಯಾರಿಸಿ, 1934ರಲ್ಲಿ ಫಿಲಡೆಲ್ಫಿಯಾದ ವಾನಮೇಕರ್ ಎಂಬ ದೊಡ್ಡ ಮಳಿಗೆಗೆ ಮಾರಿದ. ಅಲ್ಲಿ ಅದು ಬಿಸಿದೋಸೆಯಂತೆ ಖರ್ಚಾದುದನ್ನು ಕಂಡು ಪಾರ್ಕರ್ ಬ್ರದರ್ಸ್ ಸಂಸ್ಥೆ 1935ರಲ್ಲಿ ಅವನಿಂದ ಹಕ್ಕು ಕೊಂಡಿತು. ಮೇಗಿಯ ಪೇಟೆಂಟನ್ನೂ ಕೊಂಡಿತು, ಐನೂರು ಡಾಲರಿಗೆ. ಡ್ಯಾರೋ ಲಕ್ಷಾಧೀಶನಾದ. ಜಮೀನ್ದಾರನನ್ನು ಬಯ್ಯಲು ಹೆಂಗಸೊಬ್ಬಳು ಹುಟ್ಟಿಸಿದ ಆಟ, ಜಮೀನ್ದಾರನಾಗುವ ಖುಷಿಯನ್ನು ಕಲಿಸುವ ಆಟವಾಗಿ ಲೋಕವನ್ನೆಲ್ಲ ಸುತ್ತಿತು.

'ಸ್ಕ್ರ್ಯಾಬಲ್' ಕತೆಯೂ ಅಂಥದ್ದೇ. ಆಲ್ಫ್ರೆಡ್ ಬಟ್ಸ್ ಎಂಬ ಕೆಲಸ ಕಳೆದುಕೊಂಡ ವಾಸ್ತುಶಿಲ್ಪಿ 1930ರ ದಶಕದಲ್ಲಿ ಕಟ್ಟಿದ ಈ ಅಕ್ಷರದಾಟವನ್ನು ಜೇಮ್ಸ್ ಬ್ರೂನೊ ಎಂಬಾತ 1948ರಿಂದ ಸಣ್ಣ ಪ್ರಮಾಣದಲ್ಲಿ ತಯಾರಿಸುತ್ತಿದ್ದ. ನಷ್ಟವೇ ಹೆಚ್ಚು. 1952ರಲ್ಲಿ ನ್ಯೂಯಾರ್ಕಿನ ಮೇಸೀಸ್ ಮಳಿಗೆಯ ಮುಖ್ಯಸ್ಥ ರಜೆಯಲ್ಲಿ ಈ ಆಟವನ್ನು ಆಡಿ ಮೆಚ್ಚಿ, ತನ್ನ ಮಳಿಗೆಯಲ್ಲಿ ಅದಿಲ್ಲವೆಂದು ತಿಳಿದು ದೊಡ್ಡ ಆರ್ಡರು ಕೊಡಿಸಿದನೆಂಬ ಕತೆ ಪ್ರಸಿದ್ಧ. ಬ್ರೂನೊನ ಕೈ ಸಾಲದಾದಾಗ ತಯಾರಿಕೆಯನ್ನು ವಹಿಸಿಕೊಂಡವರು ಯಾರು? ನಮ್ಮ ಪಚ್ಚೀಸಿಯನ್ನು ಮಾರುತ್ತಿದ್ದ ಆ ಸೆಲ್ಚೊ ಅಂಡ್ ರೈಟರ್ ಸಂಸ್ಥೆಯೇ.

ಹಾಗಾದರೆ ಚಿಕ್ಕ ಅಂಗಡಿ ಹೇಗೆ ಬದುಕಿತ್ತು? ಕಾನೂನಿನ ಆಸರೆಯಿತ್ತು. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಸರಪಳಿ ಅಂಗಡಿಗಳು ಬೀದಿ ಅಂಗಡಿಗಳನ್ನು ನುಂಗುತ್ತಿವೆಯೆಂಬ ಕೂಗೆದ್ದಾಗ ಅಮೆರಿಕದ ಸಂಸತ್ತು 1936ರಲ್ಲಿ ರಾಬಿನ್ಸನ್-ಪ್ಯಾಟ್‌ಮನ್ ಕಾಯಿದೆಯನ್ನು ತಂದಿತು. ಸ್ಪರ್ಧೆಯಲ್ಲಿರುವ ಇಬ್ಬರು ವ್ಯಾಪಾರಿಗಳಿಗೆ ಒಂದೇ ಸರಕನ್ನು ಒಬ್ಬನಿಗೊಂದು ಬೆಲೆ, ಇನ್ನೊಬ್ಬನಿಗೊಂದು ಬೆಲೆ ಎಂದು ಮಾರಿ ಸ್ಪರ್ಧೆಯನ್ನು ಕೆಡಿಸಬಾರದು ಎಂಬುದು ಅದರ ತಿರುಳು. ಅದಕ್ಕೆ ಮೊದಲೇ, 1931ರಿಂದ, ಕ್ಯಾಲಿಫೋರ್ನಿಯಾ ಮೊದಲಾಗಿ ಹಲವು ರಾಜ್ಯಗಳು ಇನ್ನೊಂದು ಬಗೆಯ ಕಾಯಿದೆಯನ್ನು ಮಾಡಿದ್ದವು: ತಯಾರಕನು ಗೊತ್ತುಮಾಡಿದ ಕನಿಷ್ಠ ಬೆಲೆಗಿಂತ ಕಡಿಮೆಗೆ ಯಾವ ಅಂಗಡಿಯವನೂ ಮಾರುವಂತಿಲ್ಲ. 1937ರಲ್ಲಿ ಕೇಂದ್ರ ಸರ್ಕಾರವೂ ಇದಕ್ಕೆ ಒಪ್ಪಿಗೆಯಿತ್ತಿತು. ಮೂಲೆಯಂಗಡಿಯಲ್ಲೂ ಮಹಲಿನಲ್ಲೂ ಬೆಲೆ ಒಂದೇ ಆದರೆ ಜನ ಮಾತನಾಡಿಸುವವನ ಬಳಿಗೇ ಹೋಗುತ್ತಾರಷ್ಟೆ. ಆದರೆ ಇದರಿಂದ ಗಿರಾಕಿಗಳು ಹೆಚ್ಚು ಬೆಲೆ ತೆರಬೇಕಾಗುತ್ತದೆ ಎಂಬ ದೂರು ಬೆಳೆದು, ಬೆಲೆಯೇರಿಕೆಯ ದಿನಗಳಲ್ಲಿ, 1975ರಲ್ಲಿ, ಕೇಂದ್ರದ ಒಪ್ಪಿಗೆ ರದ್ದಾಯಿತು. ಬೆಲೆಯ ಬೇಲಿ ಕಿತ್ತುಹೋಯಿತು.

ಬೇಲಿ ಕಿತ್ತ ಹೊಲಕ್ಕೆ ನುಗ್ಗಲು ಆನೆಗಳು ಸಿದ್ಧವಾಗಿಯೇ ಇದ್ದವು. ಚಾರ್ಲ್ಸ್ ಲಜಾರಸ್ ಎಂಬ ತರುಣ ಎರಡನೆಯ ಮಹಾಯುದ್ಧದಿಂದ ಮರಳಿ 1948ರಲ್ಲಿ ವಾಷಿಂಗ್ಟನ್ ನಗರದಲ್ಲಿ ಮಕ್ಕಳ ತೊಟ್ಟಿಲು, ಮಂಚಗಳ ಅಂಗಡಿ ತೆರೆದಿದ್ದ. ಯುದ್ಧ ಮುಗಿಸಿ ಮನೆ ಸೇರಿದವರೆಲ್ಲ ಸಂಸಾರ ಹೂಡುತ್ತಿದ್ದ ಕಾಲ. ಆದರೆ ಅವನಿಗೊಂದು ಸತ್ಯ ಹೊಳೆಯಿತು. ತೊಟ್ಟಿಲು ಕೊಂಡ ತಾಯಿ ಎರಡನೆಯ ಮಗುವಿಗೆ ಅದನ್ನೇ ಉಪಯೋಗಿಸುತ್ತಾಳೆ. ಗೊಂಬೆಯನ್ನು ಕೊಂಡ ತಾಯಿ ಅದು ಮುರಿದ ಕೂಡಲೇ ಮತ್ತೆ ಬರುತ್ತಾಳೆ! ತಾಯಂದಿರಿಗೆ ಯಾವತ್ತೋ ಗೊತ್ತಿದ್ದ ಈ ಮಾತು ಅವನನ್ನು ಕೋಟ್ಯಧೀಶನನ್ನಾಗಿ ಮಾಡಿತು. 1957ರಲ್ಲಿ ಅವನು ಆಟಿಕೆಗಳಿಗೆಂದೇ 'ಟಾಯ್ಸ್ ಆರ್ ಅಸ್' ಮಳಿಗೆಯನ್ನು ತೆರೆದ. ತರಕಾರಿ, ದಿನಸಿಯ ಸೂಪರ್‌ಮಾರ್ಕೆಟ್ಟಿನ ಹಾಗೆ ಸಾಲು ಸಾಲು ಕಪಾಟು, ತಳ್ಳುಗಾಡಿ, ತಾನೇ ಆರಿಸಿಕೊಳ್ಳುವ ಸೌಕರ್ಯ, ಕಡಿಮೆ ಬೆಲೆ. ಮಕ್ಕಳ ಡಯಾಪರುಗಳನ್ನು ಲಾಭವನ್ನೇ ನೋಡದೆ ಮಾರುವುದು ಅವನ ಉಪಾಯ. ಡಯಾಪರಿಗೆ ಬಂದ ತಾಯಿ ಬರಿಗಾಡಿಯಲ್ಲಿ ಹೊರಗೆ ಹೋಗುವುದುಂಟೇ?

ಆದರೆ ಆ ಉಪಾಯ ಅವನೊಬ್ಬನ ಸೊತ್ತಾಗಿ ಉಳಿಯಲಿಲ್ಲ. 1962ರಲ್ಲಿ ಅರ್ಕನ್ಸಾ ರಾಜ್ಯದ ರಾಜರ್ಸ್ ಎಂಬ ಸಣ್ಣ ಊರಿನಲ್ಲಿ ಸ್ಯಾಮ್ ವಾಲ್ಟನ್ ತೆರೆದ ವಾಲ್‌ಮಾರ್ಟ್, 1998ರ ಹೊತ್ತಿಗೆ ಅಮೆರಿಕದ ಅತಿ ದೊಡ್ಡ ಆಟಿಕೆ ವ್ಯಾಪಾರಿಯಾಗಿ ಟಾಯ್ಸ್ ಆರ್ ಅಸ್ ಅನ್ನು ಹಿಂದೆ ಹಾಕಿತು. ವಾಲ್‌ಮಾರ್ಟಿಗೆ ಆಟಿಕೆಯೇ ಡಯಾಪರು! ಅದರಲ್ಲಿ ಲಾಭ ಬರದಿದ್ದರೂ ನಡೆಯುತ್ತದೆ. ಬಂದವರು ಹಾಲು, ಬಟ್ಟೆ, ಟಿ.ವಿ. ಕೊಂಡುಕೊಳ್ಳುತ್ತಾರೆ. 2003ರ ಕ್ರಿಸ್‌ಮಸ್ಸಿನ ಮುಂಚೆ ಅದು ಬೆಲೆ ಇಳಿಸಿ ಹೂಡಿದ ಸಮರದಲ್ಲಿ, 1862ರಷ್ಟು ಹಿಂದೆ ಹುಟ್ಟಿದ ಎಫ್.ಎ.ಓ. ಶ್ವಾರ್ಜ್ ಎಂಬ ಪ್ರತಿಷ್ಠಿತ ಆಟಿಕೆ ಮಳಿಗೆಯ ಒಡೆಯ ಸಂಸ್ಥೆ ಆ ಡಿಸೆಂಬರಿನಲ್ಲೇ ದಿವಾಳಿ ಅರ್ಜಿ ಹಾಕಿತು. ಮರುತಿಂಗಳು ಕೆ.ಬಿ. ಟಾಯ್ಸ್ ಎಂಬ ಸರಪಳಿಯೂ ಅದೇ ಹಾದಿ ಹಿಡಿಯಿತು.

ಇಂಥ ಕಾಲದಲ್ಲಿ ಬೀದಿಯ ಮೂಲೆಯ ಆಟದಂಗಡಿ ಮೊದಲು ನಿರ್ನಾಮವಾಗಬೇಕಿತ್ತು. ಎಷ್ಟೋ ಆದವು ಕೂಡ. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಒಂದು ಜಾತಿಯ ಅಂಗಡಿ ಮಾತ್ರ ಉಳಿಯಿತು, ಹೊಸದಾಗಿ ಹುಟ್ಟಿತು ಕೂಡ.

ಅದರ ಬೇರು 1974ರಲ್ಲಿದೆ. ಆ ವರ್ಷ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನ ಗ್ಯಾರಿ ಗೈಗ್ಯಾಕ್ಸ್ ಮತ್ತು ಅವನ ಜೊತೆಗಾರ ಡೇವ್ ಆರ್ನಿಸನ್ ಸೇರಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಹೊರತಂದರು. ಮೊದಲ ಮುದ್ರಣ ಸಾವಿರ ಪ್ರತಿ, ಬೆಲೆ ಹತ್ತು ಡಾಲರು. ಪೆಟ್ಟಿಗೆಯಲ್ಲಿ ಹಾಸೂ ಇಲ್ಲ, ಕಾಯಿಯೂ ಇಲ್ಲ, ಮೂರು ಸಣ್ಣ ಪುಸ್ತಕ ಅಷ್ಟೆ. ಒಬ್ಬ ಕತೆ ಹೇಳುತ್ತಾನೆ, ಉಳಿದವರು ಕತೆಯೊಳಗಿನ ಪಾತ್ರಗಳಾಗಿ ಮಾತನಾಡುತ್ತಾರೆ, ದಾಳ ಉರುಳಿಸಿ ಫಲ ನೋಡುತ್ತಾರೆ. ಇದನ್ನು ಸೂಪರ್‌ಮಾರ್ಕೆಟ್ಟಿನ ಕಪಾಟಿನಲ್ಲಿಟ್ಟರೆ ಕೊಳ್ಳುವವರಾರು? ಕೈಯಲ್ಲಿ ಹಿಡಿದು ನೋಡಿದರೆ ತಲೆಬುಡ ತಿಳಿಯದು. ಒಬ್ಬರು ಕುಳಿತು ಹೇಳಿಕೊಡಬೇಕು. ಹಾಗಾಗಿ ಅದು ಸೇರಿದ್ದು ಪುಟಾಣಿ ರೈಲು, ಸೀಸದ ಸೈನಿಕರ ಗೊಂಬೆಗಳನ್ನು ಮಾರುವ ಹವ್ಯಾಸದ ಅಂಗಡಿಗಳನ್ನು. ಅಲ್ಲಿ ಹಿಂಬದಿಯಲ್ಲೊಂದು ಮೇಜು, ಸುತ್ತ ನಾಲ್ಕಾರು ಕುರ್ಚಿ. ಅಂಗಡಿಯವನೇ ಆಟಗಾರ, ಅವನೇ ಗುರು.

ಲಂಡನ್ನಿನಲ್ಲಿಯೂ ಹೆಚ್ಚುಕಡಿಮೆ ಹೀಗೆಯೇ ನಡೆಯಿತು. 1975ರಲ್ಲಿ ಮೂವರು ಗೆಳೆಯರು 'ಗೇಮ್ಸ್ ವರ್ಕ್‌ಶಾಪ್' ಎಂಬ ಸಂಸ್ಥೆ ಕಟ್ಟಿದರು. ಅವರು ಮೊದಲು ಕೈಯಿಂದ ಮಾಡಿ ಮಾರುತ್ತಿದ್ದ ಮರದ ಹಲಗೆಗಳಲ್ಲಿ 'ಮಂಕಾಲಾ' ಕೂಡ ಒಂದು. ನಮ್ಮ ಅಳಿಗುಳಿಮನೆಯ ಬಂಧುಬಳಗದ ಆಟ. 1978ರಲ್ಲಿ ಹ್ಯಾಮರ್‌ಸ್ಮಿತ್ ಬಡಾವಣೆಯಲ್ಲಿ ಅವರ ಮೊದಲ ಅಂಗಡಿ ತೆರೆಯಿತು. ಅಂಗಡಿಯೊಳಗೇ ಆಡಿಸಿ ತೋರಿಸುವುದು, ಗೊಂಬೆಗಳಿಗೆ ಬಣ್ಣ ಹಚ್ಚಲು ಹುಡುಗರಿಗೆ ಕಲಿಸುವುದು ಮುಂದೆ ಅವರ ವ್ಯಾಪಾರದ ಅಡಿಗಲ್ಲಾಯಿತು.

ಈ ಮೇಜಿನ ನಿಜವಾದ ಬೆಲೆ ಗೊತ್ತಾದದ್ದು 1993ರಲ್ಲಿ. ಗಣಿತಶಾಸ್ತ್ರದ ಅಧ್ಯಾಪಕ ರಿಚರ್ಡ್ ಗಾರ್ಫೀಲ್ಡ್ ರಚಿಸಿದ 'ಮ್ಯಾಜಿಕ್: ದ ಗ್ಯಾದರಿಂಗ್' ಎಂಬ ಕಾರ್ಡಿನಾಟವನ್ನು ಸಿಯಾಟಲ್ ಬಳಿ ಪೀಟರ್ ಆಡ್ಕಿಸನ್ ಎಂಬಾತ ಮನೆಯ ನೆಲಮಾಳಿಗೆಯಿಂದ ನಡೆಸುತ್ತಿದ್ದ ವಿಜರ್ಡ್ಸ್ ಆಫ್ ದ ಕೋಸ್ಟ್ ಎಂಬ ಪುಟ್ಟ ಸಂಸ್ಥೆ ಹೊರತಂದಿತು. ಹದಿನೈದು ಕಾರ್ಡುಗಳ ಪೊಟ್ಟಣ. ಒಳಗೆ ಯಾವ ಕಾರ್ಡು ಇದೆಯೆಂಬುದು ಬಿಚ್ಚುವವರೆಗೆ ಗೊತ್ತಾಗದು. ಬಂದ ಮಾಲೆಲ್ಲ ಕೆಲವೇ ವಾರಗಳಲ್ಲಿ ಬರಿದಾಯಿತು. ಒಬ್ಬನಿಗೆ ಬೇಡವಾದ ಕಾರ್ಡು ಇನ್ನೊಬ್ಬನಿಗೆ ಬೇಕು. ಹಾಗಾಗಿ ಆಟಗಾರರು ಸೇರಲೊಂದು ಜಾಗ ಬೇಕಾಯಿತು. ಅಂಗಡಿಯವರು ಬಿಡಿ ಕಾರ್ಡುಗಳನ್ನು ಕೊಳ್ಳುವ, ಮಾರುವ ವ್ಯಾಪಾರವನ್ನು ಹಿಡಿದರು. ಗಾಜಿನ ಪೆಟ್ಟಿಗೆಯಲ್ಲಿ ಚಿನಿವಾರನ ಒಡವೆಗಳಂತೆ ಕಾರ್ಡುಗಳು! ಯಾವುದು ಅಪರೂಪ, ಯಾವುದರ ಅಂಚು ಸವೆದಿದೆ, ಈ ವಾರ ಯಾವುದಕ್ಕೆ ಬೇಡಿಕೆ ಎಂದು ತಿಳಿದವನಿಗಷ್ಟೇ ಈ ವ್ಯಾಪಾರ. ಸಾವಿರಾರು ಮಳಿಗೆಗಳಿಗೆ ಒಂದೇ ಪಟ್ಟಿ ಕಳುಹಿಸುವ ದೊಡ್ಡ ಸಂಸ್ಥೆಗೆ ಅದು ಕೈಗೂಡದು.

2000ದಲ್ಲಿ ಆ ಸಂಸ್ಥೆ ಶುಕ್ರವಾರ ಸಂಜೆಯ ಪಂದ್ಯಗಳ ವ್ಯವಸ್ಥೆಯನ್ನು ಆರಂಭಿಸಿತು. ಸಣ್ಣ ಅಂಗಡಿಗಳಲ್ಲೇ ಪಂದ್ಯ, ಗೆದ್ದವರಿಗೆ ಹೊರಗೆ ಸಿಗದ ಕಾರ್ಡು. ವಾರವಿಡೀ ಯಾರೊಡನೆಯೂ ಹೆಚ್ಚು ಮಾತನಾಡದ ಹುಡುಗನಿಗೂ ಶುಕ್ರವಾರ ಹೋಗಲು ಒಂದು ಜಾಗ ಸಿಕ್ಕಿತು. ತಯಾರಕರು ಇದನ್ನು ದಾನಧರ್ಮಕ್ಕಾಗಿ ಮಾಡಲಿಲ್ಲ. ಆಡಲು ಜೊತೆ ಸಿಗದಿದ್ದರೆ ಕಾರ್ಡು ಕೊಳ್ಳುವವನು ಆರು ತಿಂಗಳಲ್ಲಿ ಬಿಟ್ಟುಬಿಡುತ್ತಾನೆ ಎಂಬ ಲೆಕ್ಕ ಅವರದು.

ಆ ಸಂಸ್ಥೆ ತಾನೇ ಅಂಗಡಿ ನಡೆಸಿಯೂ ನೋಡಿತು. 1997ರಲ್ಲಿ ಸಿಯಾಟಲಿನಲ್ಲಿ ಭರ್ಜರಿ ಆಟದ ಕೇಂದ್ರವನ್ನು ತೆರೆಯಿತು. 1999ರಲ್ಲಿ ಮಾಲ್‌ಗಳಲ್ಲಿದ್ದ 'ಗೇಮ್ ಕೀಪರ್' ಎಂಬ ಸರಪಳಿಯನ್ನು ಕೊಂಡಿತು. ಅದೇ ವರ್ಷ ಹ್ಯಾಸ್‌ಬ್ರೋ ಎಂಬ ದೈತ್ಯ ಆಟಿಕೆ ಸಂಸ್ಥೆ ವಿಜರ್ಡ್ಸ್ ಅನ್ನೇ ಕೊಂಡಿತು. 2003ರ ಕೊನೆಯಲ್ಲಿ ಈ ಎಲ್ಲ ಅಂಗಡಿಗಳನ್ನು ಮುಚ್ಚುವುದಾಗಿ ಘೋಷಣೆಯಾಯಿತು. ಮಾಲ್‌ನ ಬಾಡಿಗೆ ಕೊಟ್ಟು, ಸಂಬಳದ ಆಳನ್ನಿಟ್ಟು, ಹುಡುಗರು ಐದು ಗಂಟೆ ಕೂತು ಒಂದು ಸೋಡಾ ಕುಡಿಯುವ ಮೇಜನ್ನು ಸಾಕುವುದು ಕಂಪನಿ ಲೆಕ್ಕಕ್ಕೆ ಹೊಂದದು. ಆ ಕೆಲಸಕ್ಕೆ ತಾನೇ ಕಸ ಗುಡಿಸಿ, ತಾನೇ ಬೀಗ ಹಾಕುವ ಒಡೆಯನೇ ಬೇಕು.

ಈ ಮೇಜಿನ ಅರ್ಥವೇನೆಂದು ಯೋಚಿಸಿದಾಗ ನನಗೆ ತೋರುವುದು ಇಷ್ಟು. ಅಮೆರಿಕದ ಊರುಗಳಲ್ಲಿ ಜಗಲಿಯಿಲ್ಲ. ದಾರಿಹೋಕರು ಕೂರುವ ಅರಳಿಕಟ್ಟೆಯಿಲ್ಲ. ಮನೆಯಿಂದ ಕಾರು, ಕಾರಿನಿಂದ ಕಚೇರಿ. ಆಟದಂಗಡಿಯವನು ತನಗೇ ತಿಳಿಯದಂತೆ ಮಾರತೊಡಗಿದ್ದು ಜಗಲಿಯನ್ನು. ಆಟದ ಪೆಟ್ಟಿಗೆ ಜಗಲಿಯ ಬಾಡಿಗೆ ವಸೂಲಿಗೊಂದು ನೆಪ.

ಆದರೆ ನೆಪ ಕೈಕೊಟ್ಟಿತು. 1995ರಲ್ಲಿ ಪುಸ್ತಕ ಮಾರುತ್ತ ಬಂದ ಅಮೆಜಾನ್ 1999ರಲ್ಲಿ ಆಟಿಕೆಗಳಿಗೂ ಕೈಹಾಕಿತು. ನೂರು ಡಾಲರಿನ ಆಟವೊಂದು ಸಣ್ಣ ಅಂಗಡಿಗೆ ಸಗಟು ವ್ಯಾಪಾರಿಯಿಂದ ಸುಮಾರು ಐವತ್ತರಿಂದ ಅರುವತ್ತು ಡಾಲರಿಗೆ ಸಿಗುತ್ತದೆ. ಉಳಿದ ಅಂತರದಲ್ಲಿ ಬಾಡಿಗೆ, ವಿದ್ಯುತ್ತು, ಹುಡುಗನ ಸಂಬಳ, ಮನೆಯ ಖರ್ಚು. ಗೂಡಂಗಡಿಯ ಬಾಡಿಗೆಯೂ ಇಲ್ಲದ ಅಂತರ್ಜಾಲದ ಮಾರಾಟಗಾರ ಅದನ್ನೇ ಎಪ್ಪತ್ತಕ್ಕೆ ಕೊಟ್ಟರೆ? ಗಿರಾಕಿ ಅಂಗಡಿಗೆ ಬಂದು, ಮೇಜಿನಲ್ಲಿ ಕೂತು ಕಲಿತು, ಪೆಟ್ಟಿಗೆಯನ್ನು ತಿರುಗಿಸಿ ನೋಡಿ, ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ತರಿಸಿಕೊಳ್ಳುತ್ತಾನೆ. ಸೀರೆಯಂಗಡಿಯಲ್ಲಿ ಐವತ್ತು ಸೀರೆ ಬಿಡಿಸಿ ಹಾಕಿಸಿ, "ಯಜಮಾನರನ್ನು ಕರೆದುಕೊಂಡು ಬರ್ತೀನಿ" ಎಂದು ಎದ್ದುಬರುವ ನಮಗೆ ಅವನನ್ನು ಬಯ್ಯುವ ಹಕ್ಕೇನೂ ಇಲ್ಲ ಬಿಡಿ.

ಇನ್ನೂ ಕಹಿಯಾದ ಸಂಗತಿಯೆಂದರೆ ಬಿತ್ತುವವರು ಒಬ್ಬರು, ಕೊಯ್ಯುವವರು ಮತ್ತೊಬ್ಬರಾದದ್ದು. ಜರ್ಮನಿಯಲ್ಲಿ ಮನೆಮಂದಿ ಮೇಜಿನ ಸುತ್ತ ಕುಳಿತು ಆಡುವುದು ಹಳೆಯ ರೂಢಿ; 1979ರಿಂದ ವರ್ಷದ ಒಳ್ಳೆಯ ಆಟಕ್ಕೆ ಅಲ್ಲಿ ಪ್ರಶಸ್ತಿ ಕೊಡುತ್ತಾರೆ. ಹಲ್ಲಿನ ಸೆಟ್ಟುಗಳನ್ನು ತಯಾರಿಸುವ ಕಸುಬಿನ ಕ್ಲೌಸ್ ಟಾಯ್ಬರ್ ರಚಿಸಿದ 'ಕ್ಯಾಟನ್' 1995ರಲ್ಲಿ ಆ ಪ್ರಶಸ್ತಿ ಪಡೆದು ಮರುವರ್ಷ ಇಂಗ್ಲಿಷಿನಲ್ಲಿ ಅಮೆರಿಕಕ್ಕೆ ಬಂತು. ಕುರಿ, ಇಟ್ಟಿಗೆ, ಗೋಧಿಗಳನ್ನು ಪರಸ್ಪರ ವಿನಿಮಯ ಮಾಡಿಕೊಂಡು ಊರು ಕಟ್ಟುವ ಆಟ. ವರ್ಷಗಟ್ಟಲೆ ಸಣ್ಣ ಅಂಗಡಿಯವರು ಅದನ್ನು ಒಬ್ಬೊಬ್ಬರಿಗೂ ಕೂರಿಸಿ ಕಲಿಸಿದರು. ಮಾತು ಬಾಯಿಂದ ಬಾಯಿಗೆ ಹರಡಿ ಆಟ ಹೆಸರುವಾಸಿಯಾದ ಮೇಲೆ ಟಾರ್ಗೆಟ್‌ನಂಥ ದೊಡ್ಡ ಮಳಿಗೆಗಳು ಅದನ್ನು ತಮ್ಮ ಕಪಾಟಿಗೆ ಏರಿಸಿಕೊಂಡವು. ಲೋಕದಲ್ಲೆಲ್ಲ ಅದರ 3 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ. ಕಲಿಸಿದ ಅಂಗಡಿಯವನಿಗೆ ಕೂಲಿ ಕೊಟ್ಟವರಾರು?

ಇದೇ ಪ್ರಶ್ನೆ 2007ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬೇರೊಂದು ರೂಪದಲ್ಲಿ ಬಂದಿತ್ತು. ವ್ಯಾಜ್ಯ ನಮ್ಮಂಥ ಹೆಂಗಸರ ಸಾಮಗ್ರಿಯದೇ: ಲೀಜಿನ್ ಎಂಬ ಸಂಸ್ಥೆ ತಯಾರಿಸುತ್ತಿದ್ದ ತೊಗಲಿನ ಬೆಲ್ಟು, ಕೈಚೀಲಗಳದು. ಗೊತ್ತುಮಾಡಿದ್ದಕ್ಕಿಂತ ಕಡಿಮೆ ಬೆಲೆಗೆ ಮಾರಿದ ಟೆಕ್ಸಸ್ಸಿನ ಅಂಗಡಿಯೊಂದಕ್ಕೆ ಅದು ಮಾಲು ನಿಲ್ಲಿಸಿತ್ತು. ಕನಿಷ್ಠ ಬೆಲೆ ಕಟ್ಟುವುದು ತಾನಾಗಿಯೇ ಅಪರಾಧವಲ್ಲ, ಸಂದರ್ಭ ನೋಡಿ ತೀರ್ಮಾನಿಸಬೇಕು ಎಂದು ಐವರು ನ್ಯಾಯಾಧೀಶರು ಹೇಳಿದರು, ನಾಲ್ವರು ಒಪ್ಪಲಿಲ್ಲ. ಬೆಲೆಯಲ್ಲೇ ಪೈಪೋಟಿಯಾದರೆ ಗಿರಾಕಿಗೆ ವಿವರಿಸಿ ಹೇಳುವ ಅಂಗಡಿಯವನ ಶ್ರಮವನ್ನು ಬೇರೆಯವನು ಪುಕ್ಕಟೆ ಬಳಸಿಕೊಳ್ಳುತ್ತಾನೆ ಎಂಬುದು ಬಹುಮತದ ವಾದಗಳಲ್ಲೊಂದು. ಆಟಗಳ ಪ್ರಕಾಶನದಲ್ಲಿ ಹೆಸರಾದ ಅಸ್ಮೋಡೀ ಸಂಸ್ಥೆಯ ಅಮೆರಿಕ ಶಾಖೆಯೂ 2016ರಲ್ಲಿ, ಗಿರಾಕಿಯನ್ನು ಎದುರಿಗೆ ಕೂರಿಸಿಕೊಂಡು ಮಾರುವ ಅಂಗಡಿಗಳಿಗೆ ಬೇರೆ, ಅಂತರ್ಜಾಲದಲ್ಲಿ ಮಾರುವವರಿಗೆ ಬೇರೆ ಷರತ್ತುಗಳನ್ನು ತಂದಿತು. ಅಂಗಡಿಯವರು ಸಂತೋಷಪಟ್ಟರು, ಅಗ್ಗದ ಬೆಲೆಗೆ ಒಗ್ಗಿದ ಆಟಗಾರರು ಗೊಣಗಿದರು. ಎರಡೂ ಕಡೆ ನ್ಯಾಯವಿದೆ. ತಿಂಗಳ ಕೊನೆಯಲ್ಲಿ ಮಗುವಿಗೊಂದು ಆಟಿಕೆ ಕೊಳ್ಳುವ ತಾಯಿಗೆ ಇಪ್ಪತ್ತು ರೂಪಾಯಿಯೂ ದೊಡ್ಡದೇ.

ಕಾನೂನು ಕೊಡದ ದಾರಿಯನ್ನು ಕೆಲವರು ತಾವೇ ಹುಡುಕಿಕೊಂಡರು. ಕೆನಡಾದ ಟೊರಾಂಟೊ ನಗರದಲ್ಲಿ 2010ರಲ್ಲಿ 'ಸ್ನೇಕ್ಸ್ ಅಂಡ್ ಲಾಟೆಸ್' ಎಂಬ ಕೆಫೆ ತೆರೆಯಿತು. 'ಸ್ನೇಕ್ಸ್ ಅಂಡ್ ಲ್ಯಾಡರ್ಸ್' ಎಂಬ ನಮ್ಮ ಹಾವು ಏಣಿಯಲ್ಲಿ ಏಣಿಯನ್ನು ತೆಗೆದು ಕಾಫಿಯನ್ನಿಟ್ಟ ಹೆಸರದು. ಗೋಡೆಯ ತುಂಬ ಆಟಗಳ ಪೆಟ್ಟಿಗೆ; ಆರಂಭದಲ್ಲಿ ಐದು ಡಾಲರು ಕೊಟ್ಟರೆ ಎಷ್ಟು ಹೊತ್ತಾದರೂ ಕೂತು ಆಡಬಹುದಿತ್ತು. ಕಾಫಿ, ತಿಂಡಿಗೆ ಬೇರೆ ಬಿಲ್ಲು. ಆಟ ಕಲಿಸಲು ಜನರಿದ್ದಾರೆ. ಮೇಜಿನ ಬಾಡಿಗೆಯನ್ನು ಪೆಟ್ಟಿಗೆಯ ಬೆಲೆಯಲ್ಲಿ ಬಚ್ಚಿಡದೆ ನೇರವಾಗಿ ಕೇಳಿದ್ದೇ ಇದರ ಹೊಸತನ. ಮುಂದೆ ಎಷ್ಟೋ ಊರುಗಳಲ್ಲಿ ಇಂಥ ಕೆಫೆಗಳು ಹುಟ್ಟಿದವು.

ಇನ್ನೊಂದು ಬದಲಾವಣೆಯನ್ನೂ ಹೇಳಬೇಕು. ಹಳೆಯ ಆಟದಂಗಡಿಗಳು ಗಂಡುಹುಡುಗರ ಗುಹೆಗಳು. ಮಬ್ಬು ದೀಪ, ಧೂಳು, ಕಿಟಕಿಗೆ ಅಂಟಿಸಿದ ಭಿತ್ತಿಪತ್ರ. ಹೆಣ್ಣೊಬ್ಬಳು ಒಳಹೊಕ್ಕರೆ ಎಲ್ಲ ತಲೆಗಳೂ ತಿರುಗುತ್ತಿದ್ದವು. ಆಟಗಳ ಇತಿಹಾಸದಲ್ಲಿ ಮಾತ್ರ ಹೆಂಗಸರೇನೂ ಕಡಿಮೆಯಿಲ್ಲ. ಮೇಗಿಯ ಮಾತು ಆಗಲೇ ಬಂತು. ಪೋಲಿಯೊ ರೋಗಿಗಳ ಆಸ್ಪತ್ರೆಯಲ್ಲಿ ತಾನೂ ಚಿಕಿತ್ಸೆ ಪಡೆಯುತ್ತ, ಜೊತೆಯ ಮಕ್ಕಳಿಗೆಂದು ಎಲೀನರ್ ಅಬಟ್ ರಚಿಸಿದ 'ಕ್ಯಾಂಡಿ ಲ್ಯಾಂಡ್' 1949ರಲ್ಲಿ ಪ್ರಕಟವಾಗಿ ಲಕ್ಷಾಂತರ ಮನೆಗಳನ್ನು ಸೇರಿತು. ಆದರೂ ಆಡುವ ಮೇಜಿನಲ್ಲಿ ಕುರ್ಚಿ ಸಿಗಲು ತಡವಾಯಿತು. ಗಂಡಸರ ಗುಹೆಯಾಗಿ ಉಳಿದರೆ ಊರಿನ ಅರ್ಧ ಗಿರಾಕಿಗಳನ್ನು ಕಳೆದುಕೊಂಡ ಹಾಗೆ ಎಂದು ಬುದ್ಧಿವಂತ ಅಂಗಡಿಯವರು ಅರಿತರು. ಬೆಳಕು ಬಂತು, ಶುಚಿಯಾದ ಶೌಚಾಲಯ ಬಂತು, ಅಸಭ್ಯವಾಗಿ ಮಾತನಾಡುವವನನ್ನು ಹೊರಗೆ ಕಳುಹಿಸುವ ಧೈರ್ಯವೂ ಬಂತು. ವ್ಯಾಪಾರದ ಪಾಠಗಳಲ್ಲಿ ಶೌಚಾಲಯದ ಹೆಸರನ್ನು ಯಾರೂ ಎತ್ತುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಪೇಟೆಗೆ ಹೋಗುವ ತಾಯಂದಿರನ್ನು ಕೇಳಬೇಕು.

ಕೊನೆಗೆ ಬಿದ್ದದ್ದು ಆನೆಯೇ. 2005ರಲ್ಲಿ ಹೂಡಿಕೆ ಸಂಸ್ಥೆಗಳು ಸಾಲ ಎತ್ತಿ ಟಾಯ್ಸ್ ಆರ್ ಅಸ್ ಅನ್ನು ಕೊಂಡಿದ್ದವು. ಆ ಸಾಲ ಕಂಪನಿಯ ತಲೆಯ ಮೇಲೆಯೇ ಕುಳಿತಿತು. ಬಡ್ಡಿ ಕಟ್ಟುವುದರಲ್ಲೇ ಹಣ ಕರಗಿದಾಗ ಮಳಿಗೆಗಳನ್ನು ಅಂದಗೊಳಿಸುವುದೆಲ್ಲಿ, ಜನರನ್ನು ಇಡುವುದೆಲ್ಲಿ? ಒಂದು ಕಡೆ ವಾಲ್‌ಮಾರ್ಟು, ಇನ್ನೊಂದು ಕಡೆ ಅಮೆಜಾನು. 2017ರ ಸೆಪ್ಟೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿ, 2018ರ ಜೂನ್ ಕೊನೆಗೆ ಅಮೆರಿಕದ ಏಳುನೂರಕ್ಕೂ ಹೆಚ್ಚು ಮಳಿಗೆಗಳನ್ನು ಅದು ಮುಚ್ಚಿತು. ಮುಚ್ಚುವ ನಿರ್ಧಾರ ಹೊರಬಿದ್ದ ಒಂದು ವಾರದಲ್ಲಿ ಲಜಾರಸ್ ತೀರಿಕೊಂಡ. ಮೂವತ್ತು ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಅವರಿಗೆ ಬಿಡುಗಡೆಯ ಪರಿಹಾರವೂ ಇರಲಿಲ್ಲ. ಅವರು ಬೀದಿಗಿಳಿದು ಹೋರಾಡಿದ ಮೇಲೆ ಆ ವರ್ಷದ ನವೆಂಬರಿನಲ್ಲಿ ಎರಡು ಹೂಡಿಕೆ ಸಂಸ್ಥೆಗಳು 2 ಕೋಟಿ ಡಾಲರುಗಳ ನಿಧಿಯನ್ನು ಇಟ್ಟವು. ದೊಡ್ಡದು ಬಿದ್ದಾಗ ಏಟು ತಾಗುವುದು ಅದರ ಅಡಿಯಲ್ಲಿದ್ದ ಚಿಕ್ಕವರಿಗೇ.

ಆನೆ ಬಿತ್ತೆಂದು ಇರುವೆ ಗೆದ್ದಿತೆನ್ನಲಾಗದು. 2020ರ ಸಾಂಕ್ರಾಮಿಕದಲ್ಲಿ ಸಣ್ಣ ಅಂಗಡಿಯನ್ನು ಅಲ್ಲಿಯವರೆಗೆ ಕಾಪಾಡಿದ್ದ ಮೇಜೇ ಅಪಾಯದ ವಸ್ತುವಾಯಿತು. ಒಡೆಯರು ಬಾಗಿಲಲ್ಲಿ ನಿಂತು ಪೆಟ್ಟಿಗೆ ಕೊಟ್ಟರು. ಹಳೆಯ ಗಿರಾಕಿಗಳ ಮನೆಗೆ ತಾವೇ ತಲುಪಿಸಿದರು. ಮನೆಯಲ್ಲಿ ಕೂಡಿಬಿದ್ದ ಜನ ಆಟಗಳನ್ನು ಕೊಂಡದ್ದೂ ನಿಜ, ಕೆಲವು ಅಂಗಡಿಗಳ ಬಾಗಿಲು ಮತ್ತೆ ತೆರೆಯದೆ ಹೋದದ್ದೂ ನಿಜ.

ಇದೆಲ್ಲ ನಮಗೇಕೆ ಎನ್ನಬಹುದು. ಟಾಯ್ಸ್ ಆರ್ ಅಸ್ ಹೆಸರಿನ ಮಳಿಗೆ ಬೆಂಗಳೂರಿನ ಮಾಲ್‌ಗೆ ಬಂದದ್ದು 2017ರ ಕೊನೆಯ ಭಾಗದಲ್ಲಿ, ಅಮೆರಿಕದಲ್ಲಿ ಅದು ದಿವಾಳಿಯ ಬಾಗಿಲಲ್ಲಿದ್ದಾಗ. ಅಲ್ಲಿ ಅದು ಮುಚ್ಚಿದ 2018ರಲ್ಲೇ, ಬೆಂಗಳೂರಿನಲ್ಲಿ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟಿನ ಬಹುಪಾಲನ್ನು ವಾಲ್‌ಮಾರ್ಟ್ 1,600 ಕೋಟಿ ಡಾಲರು ತೆತ್ತು ಕೊಂಡಿತು. ಅರ್ಕನ್ಸಾದ ಸಣ್ಣ ಊರಿನಲ್ಲಿ ಹುಟ್ಟಿದ ಅಂಗಡಿ ನಮ್ಮ ಕೈಯಲ್ಲಿರುವ ಮೊಬೈಲಿನೊಳಗೆ ಬಂದು ಕೂತಿದೆ.

ನಮ್ಮಲ್ಲೂ ಮೇಜಿನ ಪಾಠವನ್ನು ಅರಿತವರಿದ್ದಾರೆ. ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳ ಮೇಲಿನ ಪ್ರೀತಿಗೆ ಹೆಸರಾದವರು. ಅವರ 'ಶ್ರೀತತ್ತ್ವನಿಧಿ'ಯಲ್ಲಿ ಆಟಗಳಿಗೆಂದೇ 'ಕೌತುಕನಿಧಿ' ಎಂಬ ಭಾಗವಿದೆ. ಅದೇ ಮೈಸೂರಿನಲ್ಲಿ, ಮೃಗಾಲಯದ ಎದುರಿನ ರಾಮ್‌ಸನ್ಸ್ ಎಂಬ ಕರಕುಶಲ ವಸ್ತುಗಳ ಅಂಗಡಿಯ ಬಳಗ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದ ಮೂಲಕ 2007ರಿಂದ 'ಕ್ರೀಡಾಕೌಶಲ್ಯ' ಎಂಬ ಪ್ರದರ್ಶನಗಳನ್ನು ನಡೆಸಿತು. ಪಗಡೆ, ಚೌಕಾಬಾರ, ಅಳಿಗುಳಿಮನೆಗಳನ್ನು ಮರದಲ್ಲಿ, ಬಟ್ಟೆಯಲ್ಲಿ, ಹಿತ್ತಾಳೆಯಲ್ಲಿ ಕುಶಲಕರ್ಮಿಗಳಿಂದ ಮಾಡಿಸಿ, ನಿಯಮಗಳನ್ನು ತಿಳಿಸಿ, ಮಾರುತ್ತ ಬಂತು. ಕಲಿಸದೆ ಮಾರಿದ್ದರೆ ಆ ಹಲಗೆಗಳು ಷೋಕೇಸಿನಲ್ಲಿ ಧೂಳು ತಿನ್ನುತ್ತಿದ್ದವು.

ನಮ್ಮ ಪೇಟೆಬೀದಿಯ ಮ್ಯಾಚಿಂಗ್ ಸೆಂಟರನ್ನೇ ನೋಡಿ. ಸೀರೆಯ ಸೆರಗನ್ನು ಬಾಗಿಲ ಬೆಳಕಿಗೆ ಹಿಡಿದು, ಮೂವತ್ತು ಬಗೆಯ ಹಸಿರಿನಲ್ಲಿ ಸರಿಯಾದ ಹಸಿರನ್ನು ಒಂದೇ ಏಟಿಗೆ ಎಳೆದು ಹಾಕುವ ಆ ಕಣ್ಣು ಯಾವ ಕಂಪನಿಗಿದೆ? "ಇದು ಬಣ್ಣ ಬಿಡುತ್ತಮ್ಮಾ, ಬೇಡಿ" ಎನ್ನುವ ಮಾತು ಯಾವ ಮೊಬೈಲಿನಿಂದ ಬರುತ್ತದೆ? ಅವನು ಉಳಿದಿರುವುದು ಅಗ್ಗದ ಬೆಲೆಯಿಂದಲ್ಲ. ಆದರೆ ಬ್ಲೌಸ್ ಪೀಸಿಗೆ ಅವನು, ಸೀರೆಗೆ ಮೊಬೈಲು ಎಂದು ನಾವು ಹಂಚಿಕೊಂಡರೆ, ಮೀಟರಿಗೆ ಹತ್ತು ರೂಪಾಯಿ ಲಾಭದಲ್ಲಿ ಅವನ ಬಾಡಿಗೆ ಹುಟ್ಟೀತೇ ಎಂಬ ಲೆಕ್ಕವನ್ನೂ ನಾವೇ ಹಾಕಬೇಕು.

ಅಮೆರಿಕದ ಆಟದಂಗಡಿಯವರು ನೂರು ವರ್ಷದಲ್ಲಿ ಕಲಿತದ್ದನ್ನು ಅಡುಗೆಮನೆಯ ಭಾಷೆಯಲ್ಲಿ ಹೇಳಬಹುದು. ಸಂತರ್ಪಣೆಯ ಹಂಡೆಯೊಡನೆ ನಮ್ಮ ಪಾತ್ರೆ ಪೈಪೋಟಿಗೆ ಇಳಿಯಬಾರದು. ಹಂಡೆಯಲ್ಲಿ ಆಗದ್ದನ್ನು ಮಾಡಬೇಕು, ಬಿಸಿಬಿಸಿಯಾಗಿ, ಎದುರಿಗೆ ಕೂರಿಸಿ ಬಡಿಸಬೇಕು. ಇದು ಅಂಗಡಿಯವರ ಪಾಲಿನ ಪಾಠ. ನಮ್ಮ ಪಾಲಿನದು ಇನ್ನೂ ಸರಳ: ಯಾರ ಜಗಲಿಯಲ್ಲಿ ಕೂತು ಕಲಿತೆವೋ, ಅವರಿಂದಲೇ ಕೊಳ್ಳುವುದು. ಹತ್ತಕ್ಕೆ ಹತ್ತು ಸಲವೂ ಆಗದು, ಸಂಸಾರದ ಕಷ್ಟ ಎಲ್ಲರಿಗೂ ಗೊತ್ತು. ಹತ್ತರಲ್ಲಿ ನಾಲ್ಕು ಸಲವಾದರೂ ಆದರೆ ಆ ಬಾಗಿಲು ಮುಂದಿನ ವರ್ಷವೂ ತೆರೆದಿರುತ್ತದೆ.